ಪೊಟ್ಟಣದ ಫಿಲ್ಮ್, ಪರರ ಹೋಲ್ಡರ್

ಫ್ಯೂಜಿ ಕಂಪನಿಯ ಕ್ವಿಕ್‌ಲೋಡ್ ಫಿಲ್ಮ್ ತಯಾರಾಗುವುದು ನಿಂತು ಸುಮಾರು ಒಂದೂವರೆ ದಶಕವಾಯಿತು. ಕೊಡಕ್‌ನ ರೆಡಿಲೋಡ್ ಅದಕ್ಕೂ ಮುಂಚೆಯೇ ಅಂಗಡಿಗಳಿಂದ ಮರೆಯಾಗಿತ್ತು. ಆದರೂ ಇವುಗಳ ಪೆಟ್ಟಿಗೆಗಳು ಎಷ್ಟೋ ದೇಶಗಳ ಫೋಟೊಗ್ರಾಫರ್‌ಗಳ ಫ್ರಿಜ್‌ಗಳಲ್ಲಿ ಇನ್ನೂ ಉಳಿದಿವೆ. ಅವಧಿ ಮುಗಿದದ್ದೆಂದು ಗೊತ್ತಿದ್ದೇ ಜನ ಮಾರುತ್ತಾರೆ, ಗೊತ್ತಿದ್ದೇ ಕೊಳ್ಳುತ್ತಾರೆ. ಕೊಂಡವರನ್ನು ಮೊದಲು ಕಾಡುವ ಪ್ರಶ್ನೆ ಫಿಲ್ಮಿನ ವಯಸ್ಸಿನದಲ್ಲ, ಹೋಲ್ಡರ್‌ನದು. ಕೈಯಲ್ಲಿರುವುದು ಪೋಲರಾಯ್ಡ್‌ನ ಹೋಲ್ಡರ್, ಸಿಕ್ಕಿರುವುದು ಫ್ಯೂಜಿಯ ಪೊಟ್ಟಣ. ಅಥವಾ ಹೋಲ್ಡರ್ ಫ್ಯೂಜಿಯದು, ಪೊಟ್ಟಣ ಕೊಡಕ್‌ನದು. ಒಂದರೊಳಗೆ ಇನ್ನೊಂದು ಸಲೀಸಾಗಿ ಹೋಗುತ್ತದೆ. ಹಾಗೆ ಹೋದಮಾತ್ರಕ್ಕೆ ಹೊಂದಿತು ಎಂದು ನಂಬುವಲ್ಲೇ ಒಳ್ಳೊಳ್ಳೆಯ ಚಿತ್ರಗಳು ಕೆಟ್ಟಿವೆ. ಫಿಲ್ಮು ಹೋಲ್ಡರಿನೊಳಗೆ ಎಲ್ಲಿ ಕೂರುತ್ತದೆ, ಎಷ್ಟು ಚಪ್ಪಟೆಯಾಗಿ ಕೂರುತ್ತದೆ, ಹೊರಬರುವಾಗ ಬೆಳಕು ಕಾಣದೆ ಬರುತ್ತದೆಯೇ ಎಂಬ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆಯೇ ಹೊಂದಿಕೆಯ ಮಾತು.

ರೋಲ್ ಫಿಲ್ಮ್ ಬಳಸಿದವರಿಗೆ ಈ ತಾಪತ್ರಯ ಗೊತ್ತಿರುವುದಿಲ್ಲ. ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೆ ಒಂದು ಹಾಳೆ. 4×5 ಇಂಚು ಅತಿ ಸಾಮಾನ್ಯ ಅಳತೆ. 5×7, 8×10 ಅದಕ್ಕಿಂತ ದೊಡ್ಡವು. ನಮ್ಮ ಸ್ಟುಡಿಯೋಗಳ ಹಳಬರು ಇದನ್ನು ಕಟ್ ಫಿಲ್ಮ್ ಎನ್ನುತ್ತಿದ್ದರು. ಕ್ಯಾಮೆರಾದ ಹಿಂಬದಿಯ ಗ್ರೌಂಡ್ ಗ್ಲಾಸ್ ಮೇಲೆ, ಕಪ್ಪು ಬಟ್ಟೆ ಹೊದ್ದು, ತಲೆಕೆಳಗಾದ ಬಿಂಬವನ್ನು ನೋಡಿ ಫೋಕಸ್ ಮಾಡಬೇಕು. ಆಮೇಲೆ ಗಾಜಿನ ಮುಂದೆ ಹೋಲ್ಡರ್ ತೂರಿಸಬೇಕು. ಫಿಲ್ಮು ಆಗ ಗಾಜಿನ ಮಸುಕು ಮೈ ಇದ್ದ ಜಾಗಕ್ಕೇ ಬಂದು ನಿಲ್ಲಬೇಕು. ಕಣ್ಣು ನೋಡಿದ್ದು ಒಂದು ಸಮತಲವನ್ನು. ಫಿಲ್ಮು ಬಂದು ನಿಂತದ್ದು ಇನ್ನೊಂದರಲ್ಲಿ ಎಂದಾದರೆ ಲೆನ್ಸಿಗೆ ಎಷ್ಟು ದುಡ್ಡು ಸುರಿದರೂ ಪ್ರಯೋಜನವಿಲ್ಲ.

ಇದಕ್ಕೆಂದೇ ಅಮೆರಿಕದ ಮಾನಕವೊಂದು ರೂಪುಗೊಂಡಿತು. 4×5 ಹೋಲ್ಡರ್‌ನಲ್ಲಿ ಮುಂಚಾಚಿನ ಅಂಚಿನಿಂದ ಫಿಲ್ಮು ಒರಗುವ ನಡುಹಲಗೆಯವರೆಗಿನ ಆಳ 0.197 ಇಂಚು, ಅಂದರೆ ಐದು ಮಿಲಿಮೀಟರ್. ಅದಕ್ಕೆ ಹೆಚ್ಚುಕಡಿಮೆ 0.007 ಇಂಚಿನ ವಿನಾಯಿತಿ. ಶೀಟ್ ಫಿಲ್ಮಿನ ದಪ್ಪವೂ ಸುಮಾರು ಅಷ್ಟೇ, 0.18 ಮಿಲಿಮೀಟರಿನ ಆಸುಪಾಸು. 5×7ಕ್ಕೆ ಈ ಆಳ 0.228 ಇಂಚು, 8×10ಕ್ಕೆ 0.260. ಈ ಅಂಕಿಗಳನ್ನು ಯಾವ ಕಂಪನಿ ಬೇಕಾದರೂ ಅನುಸರಿಸಬಹುದಿತ್ತು, ಅನುಸರಿಸಿದವು ಕೂಡ. ಅದರಿಂದಲೇ ಫಿಡೆಲಿಟಿ, ಲಿಸ್ಕೊ, ಟೊಯೊ ಎಂಬ ಬೇರೆಬೇರೆ ಹೆಸರಿನ ಹೋಲ್ಡರ್‌ಗಳು ಬೇರೆಬೇರೆ ದೇಶಗಳ ಕ್ಯಾಮೆರಾಗಳಲ್ಲಿ ತಕರಾರಿಲ್ಲದೆ ಕೂರುತ್ತವೆ. ಅರವತ್ತು ವರ್ಷ ಹಳೆಯ ಹೋಲ್ಡರನ್ನು ಹೋದ ತಿಂಗಳು ಕೊಂಡ ಕ್ಯಾಮೆರಾಕ್ಕೆ ಹಾಕಬಹುದು. ಛಾಯಾಗ್ರಹಣದ ಲೋಕದಲ್ಲಿ ಇಂಥ ಬಾಳಿಕೆ ಬಹಳ ವಿರಳ.

ಆದರೆ ಸಾಮಾನ್ಯ ಹೋಲ್ಡರ್‌ನೊಡನೆ ಬದುಕುವುದು ಶ್ರಮದ ಕೆಲಸ. ಒಂದು ಹೋಲ್ಡರ್‌ಗೆ ಎರಡೇ ಹಾಳೆ, ಮುಂದೊಂದು ಹಿಂದೊಂದು. ಕಗ್ಗತ್ತಲಲ್ಲಿ, ಬೆರಳ ತುದಿಯ ಸ್ಪರ್ಶದಿಂದಲೇ ತುಂಬಬೇಕು. ಹಾಳೆಯ ಮೂಲೆಯಲ್ಲಿ ಕಚ್ಚುಗಳಿರುತ್ತವೆ. ಹಾಳೆಯನ್ನು ನೀಟವಾಗಿ ಹಿಡಿದಾಗ ಕಚ್ಚು ಬಲಮೇಲ್ಮೂಲೆಗೆ ಬಂದರೆ ರಾಸಾಯನಿಕ ಲೇಪದ ಮೈ ನಮ್ಮ ಕಡೆಗಿದೆ ಎಂದು ಅರ್ಥ. ಹಾಳೆಗೆ ಬೆಳಕು ತಾಗದಂತೆ ಮುಚ್ಚುವ ಡಾರ್ಕ್ ಸ್ಲೈಡ್‌ನ ಹಿಡಿ ಒಂದು ಬದಿ ಬಿಳಿ, ಇನ್ನೊಂದು ಬದಿ ಕಪ್ಪು. ಬಿಳಿ ಹೊರಗಿದ್ದರೆ ಒಳಗಿರುವುದು ಹೊಸ ಫಿಲ್ಮು, ಕಪ್ಪು ಹೊರಗಿದ್ದರೆ ಚಿತ್ರ ತೆಗೆದಾಗಿದೆ. ಬಿಳಿ ಬದಿಯ ಮೇಲಿನ ಉಬ್ಬುಚುಕ್ಕೆಗಳು ಕತ್ತಲೆಯಲ್ಲಿ ಬೆರಳಿಗೆ ದಾರಿ ತೋರಿಸುತ್ತವೆ. ಇಷ್ಟೆಲ್ಲ ಜಾಣ್ಮೆಯಿಂದ ಮಾಡಿದ ವಸ್ತುವಿಗೂ ಒಬ್ಬ ಶತ್ರು ಇದ್ದಾನೆ: ಧೂಳು. ತುಂಬುವಾಗ ಒಳಗೆ ಬಿದ್ದ ಒಂದು ಕಣ ನೆಗೆಟಿವ್ ಮೇಲೆ ಬೆಳಕು ಬೀಳದಂತೆ ತಡೆಯುತ್ತದೆ, ಪ್ರಿಂಟಿನಲ್ಲಿ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಇಪ್ಪತ್ತು ಚಿತ್ರಕ್ಕೆ ಹತ್ತು ಹೋಲ್ಡರ್ ಹೊರಬೇಕು. ಅವುಗಳ ತೂಕವೇ ಒಂದೂವರೆ ಕಿಲೋ. ಬೆಟ್ಟ ಹತ್ತುವವನಿಗೆ ಅದು ಸಣ್ಣ ಹೊರೆಯಲ್ಲ.

ಈ ಹೊರೆ ಇಳಿಸುವ ಪ್ರಯತ್ನ ಬಹಳ ಹಿಂದೆಯೇ ಶುರುವಾಗಿತ್ತು. 1903ರಲ್ಲಿ ಬಂದ ಪ್ರೀಮೊ ಫಿಲ್ಮ್ ಪ್ಯಾಕ್‌ನಲ್ಲಿ ಹನ್ನೆರಡು ಹಾಳೆಗಳನ್ನು ಒಂದೇ ಪೆಟ್ಟಿಗೆಗೆ ಸೇರಿಸಿದ್ದರು. ಕಾಗದದ ನಾಲಿಗೆಯೊಂದನ್ನು ಎಳೆದರೆ ಚಿತ್ರ ತೆಗೆದ ಹಾಳೆ ಹಿಂದಕ್ಕೆ ಸುತ್ತಿಹೋಗುತ್ತಿತ್ತು, ಹೊಸದು ಮುಂದೆ ಬರುತ್ತಿತ್ತು. ಹಾಗೆ ಬಾಗಿ ಹೋಗಬೇಕಾದ್ದರಿಂದ ಫಿಲ್ಮನ್ನು ತೆಳುವಾದ ತಳದ ಮೇಲೆ ಮಾಡಬೇಕಿತ್ತು. ತೆಳುವಾದದ್ದು ಚಪ್ಪಟೆಯಾಗಿ ನಿಲ್ಲಲು ಒಲ್ಲೆನ್ನುತ್ತದೆ. ಗ್ರಾಫ್ಲೆಕ್ಸ್ ಕಂಪನಿಯ ಗ್ರಾಫ್‌ಮ್ಯಾಟಿಕ್ ಇನ್ನೊಂದು ದಾರಿ ಹಿಡಿಯಿತು. ಆರು ಹಾಳೆಗಳನ್ನು ಆರು ತೆಳು ಲೋಹದ ತಟ್ಟೆಗಳಲ್ಲಿಟ್ಟು ಒಂದೇ ಡಬ್ಬಿಯಲ್ಲಿ ಅದಲುಬದಲು ಮಾಡುವ ಯಂತ್ರ ಅದು. ಸಾಮಾನ್ಯ ಫಿಲ್ಮನ್ನೇ ಉಣ್ಣುವುದರಿಂದ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಒಂದು ತಟ್ಟೆ ಸೊಟ್ಟಗಾದರೆ ಮಾತ್ರ ಆರೂ ಸಿಕ್ಕಿಕೊಳ್ಳುತ್ತವೆ.

ಪೊಟ್ಟಣದ ಯೋಚನೆ ಬಂದದ್ದು ಪೋಲರಾಯ್ಡ್‌ನಿಂದ. 4×5 ಕ್ಯಾಮೆರಾದಲ್ಲೇ ಕ್ಷಣಾರ್ಧದ ಚಿತ್ರ ಸಿಗಬೇಕೆಂದು ಆ ಕಂಪನಿ 1950ರ ದಶಕದ ಕೊನೆಗೆ ಒಂದೊಂದು ಹಾಳೆಯನ್ನೂ ಬೆಳಕು ತೂರದ ಲಕೋಟೆಯಲ್ಲಿಟ್ಟು ಮಾರತೊಡಗಿತು. ಅದರ ಹೋಲ್ಡರ್‌ಗಳಲ್ಲಿ ಹೆಸರಾದದ್ದು 545. ಅದೇ ಮಾದರಿಯ ಹಗುರ ರೂಪ 545ಐ. ಲಕೋಟೆಯ ಒಂದು ತುದಿಗೆ ಲೋಹದ ಕ್ಲಿಪ್. ಪೊಟ್ಟಣವನ್ನು ಪೂರ್ತಿ ತೂರಿಸಿದಾಗ ಹೋಲ್ಡರಿನ ತಳದ ಕೊಕ್ಕೆ ಆ ಕ್ಲಿಪ್ಪನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಲಕೋಟೆಯನ್ನು ತಡೆಯುವವರೆಗೂ ಹಿಂದಕ್ಕೆಳೆದರೆ ಕತ್ತಿ ಅಲ್ಲೇ ನಿಂತು ಒರೆ ಮಾತ್ರ ಈಚೆ ಬಂದಂತೆ ಫಿಲ್ಮು ಒಳಗೆ ಉಳಿಯುತ್ತದೆ. ಚಿತ್ರ ತೆಗೆದು ಲಕೋಟೆಯನ್ನು ಮತ್ತೆ ಒಳಗೆ ತಳ್ಳಬೇಕು. ಹೋಲ್ಡರಿನ ಲಿವರ್‌ಗೆ ಎರಡು ಸ್ಥಾನ: ತುಂಬುವುದಕ್ಕೆ ‘ಎಲ್’, ಸಂಸ್ಕರಿಸುವುದಕ್ಕೆ ‘ಪಿ’. ‘ಪಿ’ಗೆ ತಿರುಗಿಸಿ ಪೊಟ್ಟಣವನ್ನು ಒಂದೇ ಸಮನೆ ಎಳೆದರೆ ಎರಡು ಉಕ್ಕಿನ ರೋಲರ್‌ಗಳು ಅದನ್ನು ಒತ್ತಿ, ಒಳಗಿನ ರಾಸಾಯನಿಕದ ಚೀಲ ಒಡೆದು, ದ್ರವವನ್ನು ಸಮನಾಗಿ ಹರಡುತ್ತವೆ.

ಕೊಡಕ್ ಮತ್ತು ಫ್ಯೂಜಿ 1980ರ ದಶಕದಲ್ಲಿ ಈ ವಿಧಾನವನ್ನೇ ಸಾಮಾನ್ಯ ಫಿಲ್ಮಿಗೆ ಅಳವಡಿಸಿದವು. ಸ್ಥಳದಲ್ಲೇ ಸಂಸ್ಕರಣೆ ಇಲ್ಲ, ಆದ್ದರಿಂದ ರಾಸಾಯನಿಕವೂ ಇಲ್ಲ. ಕಾರ್ಖಾನೆಯಲ್ಲಿ ಧೂಳಿಲ್ಲದೆ ತುಂಬಿದ ಹಾಳೆ, ಕಾಗದದ ಲಕೋಟೆ, ಲೋಹದ ಕ್ಲಿಪ್ ಇಷ್ಟೇ. ಒಂದು ಹೋಲ್ಡರ್, ಇಪ್ಪತ್ತು ಪೊಟ್ಟಣದ ಒಂದು ಪೆಟ್ಟಿಗೆ ಇದ್ದರೆ ದಿನವಿಡೀ ಅಲೆಯಬಹುದಿತ್ತು. ನಿಸರ್ಗದ ಚಿತ್ರಕಾರರಿಗೆ, ಕಟ್ಟಡಗಳ ಚಿತ್ರ ತೆಗೆಯುವವರಿಗೆ ಇದು ದೊಡ್ಡ ಬಿಡುಗಡೆ. ವೆಲ್ವಿಯಾ, ಪ್ರೊವಿಯಾ, ಆಕ್ರೋಸ್ ಮೊದಲಾದವು ಕ್ವಿಕ್‌ಲೋಡ್‌ನಲ್ಲಿ ಬಂದವು. ಟಿ-ಮ್ಯಾಕ್ಸ್ 100, ಪೋರ್ಟ್ರಾದಂಥವು ರೆಡಿಲೋಡ್‌ನಲ್ಲಿ. ಆಕ್ರೋಸ್‌ನ ವಿಶೇಷವೆಂದರೆ ಎರಡು ನಿಮಿಷದವರೆಗಿನ ದೀರ್ಘ ಎಕ್ಸ್‌ಪೋಷರ್‌ಗೂ ಹೆಚ್ಚುವರಿ ಲೆಕ್ಕ ಬೇಕಿರಲಿಲ್ಲ. ಮುಸ್ಸಂಜೆಯ ಬೆಳಕಿನಲ್ಲಿ ಸಣ್ಣ ಅಪರ್ಚರ್ ಇಟ್ಟು ಕಾಯುವವರಿಗೆ ಅಂಥ ಫಿಲ್ಮು ಪೊಟ್ಟಣದಲ್ಲೇ ಸಿಕ್ಕರೆ ಇನ್ನೇನು ಬೇಕು!

ಮೂರೂ ಕಂಪನಿಗಳ ಪೊಟ್ಟಣಗಳು ಅಗಲದಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಗೊಂದಲ ಶುರುವಾಗುತ್ತದೆ. ಹೊರಗಿನ ಅಳತೆ ಒಂದಾದರೂ ಒಳಗಿನ ವ್ಯವಸ್ಥೆ ಒಂದಲ್ಲ.

ಮೊದಲಿನ ರೆಡಿಲೋಡ್ ಅನ್ನೇ ನೋಡಿ. ಅದರ ಒಂದು ಪೊಟ್ಟಣದಲ್ಲಿ ಎರಡು ಹಾಳೆ, ಬೆನ್ನಿಗೆ ಬೆನ್ನು. ಒಂದು ಬದಿ ಮುಗಿದ ಮೇಲೆ ತಿರುಗಿಸಿ ಇನ್ನೊಂದು ಬದಿ ಬಳಸಬೇಕು. ಸಹಜವಾಗಿಯೇ ಅದು ದಪ್ಪ. ಆಮೇಲೆ ಕೊಡಕ್ ಒಂದೇ ಹಾಳೆಯ ಪೊಟ್ಟಣಕ್ಕೆ ಬದಲಾಯಿಸಿತು, ಹೋಲ್ಡರನ್ನೂ ಬದಲಾಯಿಸಿತು, ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು. ಹೀಗಾಗಿ ಹಳೆಯ ಸಾಮಾನು ಕೊಳ್ಳುವವರು ‘ರೆಡಿಲೋಡ್ ಹೋಲ್ಡರ್’ ಎಂಬ ಮಾತನ್ನಷ್ಟೇ ನಂಬಬಾರದು. ಎರಡು ಹಾಳೆಯದೋ ಒಂದು ಹಾಳೆಯದೋ ಎಂದು ಕೇಳಲೇಬೇಕು. ಒಂದು ಹಾಳೆಯ ರೆಡಿಲೋಡ್ ಅನ್ನು ಫ್ಯೂಜಿಯ ಕ್ವಿಕ್‌ಲೋಡ್ ಹೋಲ್ಡರ್‌ನಲ್ಲಿ ಬಳಸಿದವರು ಬಹಳ ಮಂದಿ. ಕ್ವಿಕ್‌ಲೋಡ್ ಅನ್ನು ಪೋಲರಾಯ್ಡ್ 545ರಲ್ಲಿ ಬಳಸಿದವರೂ ಅಷ್ಟೇ ಮಂದಿ. ನಡೆಯುತ್ತದೆ ಎಂದೇ ಬಹುಪಾಲು ಜನ ಹೇಳುತ್ತಾರೆ. ನಡೆಯದೆ ಹೋದಾಗ ಎಡವಟ್ಟಾಗುವುದು ಮಾತ್ರ ಸಾಮಾನ್ಯವಾಗಿ ಕ್ಲಿಪ್ಪಿನ ಹತ್ತಿರವೇ.

ಕ್ಲಿಪ್ಪಿಗೆ ಎರಡು ಕೆಲಸ. ಲಕೋಟೆ ಹಿಂದೆ ಸರಿಯುವಾಗ ಕೊಕ್ಕೆಗೆ ಸಿಕ್ಕಿ ಫಿಲ್ಮನ್ನು ಒಳಗೆ ಹಿಡಿದಿಡಬೇಕು. ಲಕೋಟೆ ಮರಳಿ ಬಂದು ಅದರ ಬಾಯಿ ಮುಚ್ಚಿಕೊಂಡ ಮೇಲೆ ಕೊಕ್ಕೆಯಿಂದ ಬಿಡಿಸಿಕೊಂಡು ಲಕೋಟೆಯೊಡನೆಯೇ ಹೊರಬರಬೇಕು. ಕೊಕ್ಕೆಯ ಆಕಾರವೂ ಕ್ಲಿಪ್ಪಿನ ದಪ್ಪವೂ ಒಂದೇ ಕಂಪನಿಯಲ್ಲಿ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದ್ದು. ಬೇರೆ ಕಂಪನಿಯ ಹೋಲ್ಡರ್‌ನಲ್ಲಿ ಕೊಕ್ಕೆ ಸಡಿಲವಾಗಿ ಹಿಡಿದರೆ ಲಕೋಟೆ ಎಳೆದಾಗ ಫಿಲ್ಮೂ ಅದರ ಜೊತೆಗೇ ಬರುತ್ತದೆ. ಮುಂದೆ ಶಟರ್ ಬಿಡುಗಡೆ ಮಾಡಿದಾಗ ಬೆಳಕು ಬೀಳುವುದು ಖಾಲಿ ಜಾಗದ ಮೇಲೆ. ಕೊಕ್ಕೆ ಬಿಗಿಯಾಗಿ ಹಿಡಿದು ಬಿಡದೆ ಹೋದರೆ ಅದಕ್ಕಿಂತ ಕೆಟ್ಟದ್ದು: ಲಕೋಟೆ ಹೊರಬರುತ್ತದೆ, ಕ್ಲಿಪ್ಪೂ ಫಿಲ್ಮೂ ಹೋಲ್ಡರ್‌ನಲ್ಲೇ ಬೆತ್ತಲಾಗಿ ಉಳಿಯುತ್ತವೆ. ಹೋಲ್ಡರನ್ನು ಕ್ಯಾಮೆರಾದಿಂದ ತೆಗೆದ ಗಳಿಗೆಗೆ ಆ ಚಿತ್ರ ಮುಗಿದಂತೆ. ಪೋಲರಾಯ್ಡ್ ಹೋಲ್ಡರ್‌ನಲ್ಲಿ ಬೇರೆ ಕಂಪನಿಯ ಪೊಟ್ಟಣ ಬಳಸುವವರು ಲಿವರ್ ಅನ್ನು ‘ಎಲ್’ನಲ್ಲೇ ಬಿಟ್ಟು, ಕ್ಲಿಪ್ಪನ್ನು ಬಿಡಿಸುವ ಪುಟ್ಟ ಲಿವರ್ ಒತ್ತಿ ಹಿಡಿದು ಮೆಲ್ಲಗೆ ಎಳೆಯುವುದು ಇದಕ್ಕಾಗಿಯೇ. ಅಪ್ಪಿತಪ್ಪಿ ‘ಪಿ’ಗೆ ತಿರುಗಿಸಿದರೆ ರೋಲರ್‌ಗಳು ಫಿಲ್ಮನ್ನು ಹಿಂಡುತ್ತವೆ. ಒತ್ತಡ ಬಿದ್ದ ಲೇಪದ ಮೇಲೆ ಬೆಳಕು ತಾಗದೆಯೂ ಗುರುತು ಮೂಡಬಹುದು.

ಹಿಮ್ಮುಖವಾಗಿ ನೋಡಿದರೆ ಲೆಕ್ಕ ಸುಲಭ. ಫ್ಯೂಜಿ ಮತ್ತು ಕೊಡಕ್ ಹೋಲ್ಡರ್‌ಗಳಲ್ಲಿ ಸಂಸ್ಕರಣೆಯ ರೋಲರ್‌ಗಳೇ ಇಲ್ಲ. ಪೋಲರಾಯ್ಡ್ ಪೊಟ್ಟಣವನ್ನು ಅವುಗಳಲ್ಲಿ ಹಾಕಿ ಪೂರ್ಣ ಚಿತ್ರ ಪಡೆಯುವ ಮಾತೇ ಇಲ್ಲ.

ಇನ್ನು ಕಣ್ಣಿಗೆ ಕಾಣದ ವ್ಯತ್ಯಾಸ ಒಂದಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದು. ಕ್ವಿಕ್‌ಲೋಡ್ ಮತ್ತು ಹೊಸ ರೆಡಿಲೋಡ್ ಹೋಲ್ಡರ್‌ಗಳ ಒಳಗೆ ಸ್ಪ್ರಿಂಗ್ ಕೂರಿಸಿದ ಒತ್ತುಫಲಕವಿರುತ್ತದೆ. ಅದು ಫಿಲ್ಮನ್ನು ಹಿಂದಿನಿಂದ ಮುಂದಿನ ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಹೀಗಾಗಿ ಫಿಲ್ಮಿನ ಜಾಗ ನಿಗದಿಯಾಗುವುದು ಚೌಕಟ್ಟಿನಿಂದ. ಪೊಟ್ಟಣದ ದಪ್ಪದಲ್ಲಿ ಚೂರು ಹೆಚ್ಚುಕಡಿಮೆ ಇದ್ದರೂ ಸ್ಪ್ರಿಂಗ್ ಸರಿದೂಗಿಸುತ್ತದೆ. ಪೋಲರಾಯ್ಡ್ 545ರಲ್ಲಿ ಅಂಥ ಏರ್ಪಾಡಿಲ್ಲ. ಅದು ತನ್ನದೇ ಪೊಟ್ಟಣದ ಗಡಸುತನವನ್ನು ನೆಚ್ಚಿ ಮಾಡಿದ ಹೋಲ್ಡರ್. ತೆಳುವಾದ ಕಾಗದದ ಕ್ವಿಕ್‌ಲೋಡ್ ಅಲ್ಲಿ ಸ್ವಲ್ಪ ಹಿಂದೆ ಕೂರಬಹುದು, ನಡುವೆ ಉಬ್ಬಬಹುದು. ಕ್ಯಾಮೆರಾವನ್ನು ಕೆಳಮುಖವಾಗಿ ಬಗ್ಗಿಸಿದರೆ ಜೋಲಬಲ್ಲದು ಕೂಡ.

ಅಷ್ಟು ವ್ಯತ್ಯಾಸ ಚಿತ್ರದಲ್ಲಿ ಕಾಣುತ್ತದೆಯೇ? ಅಪರ್ಚರ್ ಮೇಲಿದೆ. 4×5 ನೆಗೆಟಿವ್‌ನಲ್ಲಿ ಮಸುಕಿನ ಮಿತಿಯನ್ನು ಸಾಮಾನ್ಯವಾಗಿ 0.1 ಮಿಲಿಮೀಟರ್ ಎಂದು ಇಟ್ಟುಕೊಳ್ಳುತ್ತಾರೆ. ಅಪರ್ಚರ್ ಸಂಖ್ಯೆಯಿಂದ ಅದನ್ನು ಗುಣಿಸಿದರೆ ಫಿಲ್ಮು ತನ್ನ ಜಾಗದಿಂದ ಹಿಂದೆ ಅಥವಾ ಮುಂದೆ ಎಷ್ಟು ಸರಿದರೂ ತೊಂದರೆಯಿಲ್ಲ ಎಂಬುದು ಸಿಗುತ್ತದೆ. ಎಫ್ 22ರಲ್ಲಿ ಅದು 2.2 ಮಿಲಿಮೀಟರ್. ಎಫ್ 5.6ರಲ್ಲಿ ಬರೀ 0.56. ಎಫ್ 22, ಎಫ್ 32ರಲ್ಲಿ ಬೆಟ್ಟಗುಡ್ಡಗಳ ಚಿತ್ರ ತೆಗೆದವರು ಯಾವ ಹೋಲ್ಡರ್‌ನಲ್ಲಿ ಯಾವ ಪೊಟ್ಟಣ ಹಾಕಿದರೂ ಚೆನ್ನಾಗಿಯೇ ಬಂತು ಎಂದು ಹೇಳಲು ಕಾರಣ ಇದೇ. ಅದೇ ಜೋಡಿಯನ್ನು ಎಫ್ 5.6ರಲ್ಲಿ ಮುಖಚಿತ್ರಕ್ಕೆ ಬಳಸಿ, ಕಣ್ಣಿಗೆ ಇಟ್ಟ ಫೋಕಸ್ ಕಿವಿಗೆ ಹೋಯಿತು ಎನ್ನುವವರ ಮಾತೂ ನಿಜವೇ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ಇನ್ನೊಬ್ಬರ ಅನುಭವ ಕೇಳುವಾಗ ಅವರ ಅಪರ್ಚರ್ ಯಾವುದಿತ್ತೆಂದೂ ಕೇಳಿದರೆ ಅರ್ಧ ವಾದ ಅಲ್ಲೇ ಬಗೆಹರಿಯುತ್ತದೆ.

ಮಿತಿ 0.1 ಎಂಬುದೂ ಉದಾರವಾದ ಅಂಕಿಯೇ. ದೊಡ್ಡ ಪ್ರಿಂಟ್ ಮಾಡಿ ಹತ್ತಿರ ನಿಂತು ನೋಡುವವರಿಗೆ ಅದರ ಅರ್ಧವೂ ಹೆಚ್ಚೆನಿಸಬಹುದು.

ಚಿತ್ರದ ವಿಸ್ತೀರ್ಣವೂ ಬದಲಾಗುತ್ತದೆ. ಸಾಮಾನ್ಯ ಹೋಲ್ಡರ್‌ನಲ್ಲಿ 4×5 ಹಾಳೆಯ ಮೇಲೆ ಬೀಳುವ ಚಿತ್ರ ಸರಿಸುಮಾರು 3¾×4¾ ಇಂಚು. ಪೋಲರಾಯ್ಡ್ 4×5 ಹಾಳೆಯಲ್ಲಿ ಚಿತ್ರ 3½×4½ ಮಾತ್ರ. ಗ್ರೌಂಡ್ ಗ್ಲಾಸ್ ಮೇಲೆ ಅಂಚಿನವರೆಗೂ ನೋಡಿ ಚೌಕಟ್ಟು ಕಟ್ಟಿದವರಿಗೆ ದೇಗುಲದ ಕಳಸದ ತುದಿ ಕತ್ತರಿಸಿಹೋಗುವುದು ಹೀಗೆ. ಸುತ್ತಲೂ ಬೆರಳಷ್ಟು ಜಾಗ ಬಿಟ್ಟು ಸಂಯೋಜಿಸುವುದೊಂದೇ ಪರಿಹಾರ.

ಹೋಲ್ಡರಿಗೂ ಫಿಲ್ಮಿಗೂ ಒಪ್ಪಂದವಾದ ಮೇಲೆ ಹೋಲ್ಡರಿಗೂ ಕ್ಯಾಮೆರಾಕ್ಕೂ ಆಗಬೇಕು. ಹಳೆಯ ಕ್ಯಾಮೆರಾಗಳ ಹಿಂಬದಿಯಲ್ಲಿ ಗ್ರೌಂಡ್ ಗ್ಲಾಸನ್ನು ಸ್ಪ್ರಿಂಗ್ ಹಿಡಿದಿರುತ್ತದೆ. ಅದನ್ನು ಹಿಂದಕ್ಕೆಳೆದು ಹೋಲ್ಡರ್ ತೂರಿಸಬೇಕು. ಗ್ರಾಫ್ಲೆಕ್ಸ್ ಕಂಪನಿ 1949ರ ಹೊತ್ತಿಗೆ ತಂದ ಗ್ರಾಫ್ಲಾಕ್ ಹಿಂಬದಿಯಲ್ಲಿ ಗಾಜಿನ ಚೌಕಟ್ಟನ್ನೇ ಬಿಚ್ಚಿಟ್ಟು, ಎರಡು ಜಾರುಪಟ್ಟಿಗಳಿಂದ ಹೋಲ್ಡರನ್ನು ಬಿಗಿಯಬಹುದು. ಪೋಲರಾಯ್ಡ್ 545, ಕ್ವಿಕ್‌ಲೋಡ್, ರೆಡಿಲೋಡ್ ಹೋಲ್ಡರ್‌ಗಳ ಮುಂಭಾಗ ತೆಳ್ಳಗಿರುವುದರಿಂದ ಸ್ಪ್ರಿಂಗ್ ಹಿಂಬದಿಗೂ ತೂರುತ್ತವೆ. ಆದರೆ ಹಲವು ಹಾಳೆಗಳು ಒಟ್ಟಿಗಿರುವ ಪ್ಯಾಕ್ ಫಿಲ್ಮಿನ ಪೋಲರಾಯ್ಡ್ 550, ಫ್ಯೂಜಿಯ ಪಿಎ-45ರಂಥವು ದಪ್ಪ ಡಬ್ಬಿಗಳು; ಗ್ರಾಫ್ಲಾಕ್ ಇಲ್ಲದ ಕ್ಯಾಮೆರಾಕ್ಕೆ ಅವು ಒಲ್ಲವು. ತೂರಿದರೂ 545ರ ಭಾರ ಸ್ಪ್ರಿಂಗಿನ ಮೇಲೆ ಬೀಳುತ್ತದೆ. ಲಕೋಟೆ ಎಳೆಯುವ ಕೈ ಚೂರು ಒರಟಾದರೆ ಹೋಲ್ಡರ್ ಕದಲಿ ಬೆಳಕು ನುಸುಳುತ್ತದೆ. ಒಂದು ಕೈಯಿಂದ ಹೋಲ್ಡರನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಎಳೆಯುವುದು ವಾಡಿಕೆ.

545 ಹೋಲ್ಡರ್‌ನ ಮೇಲೆ ಜನರಿಗೆ ಇಷ್ಟು ಮೋಹವೇಕೆ ಎಂದರೆ ಉತ್ತರ ಟೈಪ್ 55. 1961ರಲ್ಲಿ ಬಂದ ಆ ಪೋಲರಾಯ್ಡ್ ಫಿಲ್ಮು ಒಂದೇ ಪೊಟ್ಟಣದಿಂದ ಕಪ್ಪುಬಿಳುಪು ಪ್ರಿಂಟನ್ನೂ ಬಹಳ ಸೂಕ್ಷ್ಮವಾದ ನೆಗೆಟಿವನ್ನೂ ಕೊಡುತ್ತಿತ್ತು. ನೆಗೆಟಿವ್ ಅನ್ನು ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಅದ್ದಿ ತೊಳೆದರೆ ಸಾಕು. ದಶಕಗಳ ಕಾಲ ಪೋಲರಾಯ್ಡ್‌ಗೆ ಸಲಹೆಗಾರರಾಗಿದ್ದ ಆನ್ಸೆಲ್ ಆ್ಯಡಮ್ಸ್ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ಚಳಿಗಾಲದ ಸೂರ್ಯೋದಯವನ್ನು 1968ರಲ್ಲಿ ಸೆರೆಹಿಡಿದದ್ದು ಇದರ ಮೇಲೆಯೇ. 2008ರಲ್ಲಿ ಪೋಲರಾಯ್ಡ್ ಕ್ಷಣಚಿತ್ರದ ಫಿಲ್ಮು ತಯಾರಿಕೆಗೆ ಕೈಮುಗಿದಾಗ ಟೈಪ್ 55ಕ್ಕೂ ಅಂತ್ಯವಾಯಿತು. ಮಸಾಚುಸೆಟ್ಸ್‌ನ ನ್ಯೂ55 ತಂಡ 2014ರಲ್ಲಿ ಜನರಿಂದಲೇ ಹಣ ಕೂಡಿಸಿ, ಅದೇ 545ಕ್ಕೆ ಹೊಂದುವ ಹೊಸ ಪೊಟ್ಟಣ ತಯಾರಿಸಲು ತೊಡಗಿತು. ಕ್ಲಿಪ್, ಲಕೋಟೆ, ಚೀಲ ಎಲ್ಲವನ್ನೂ ಹೊಸದಾಗಿ ಕಲಿತು ಬಹುಪಾಲು ಕೈಯಲ್ಲೇ ಮಾಡಬೇಕಿತ್ತು. 2017ರ ಕೊನೆಗೆ ಅದೂ ನಿಂತಿತು. ಫಿಲ್ಮು ಮಾಡುವುದಕ್ಕಿಂತ ಅದರ ಪೊಟ್ಟಣ ಮಾಡುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ವೆಲ್ವಿಯಾದಂಥ ಫಿಲ್ಮು ಹಾಳೆಯಾಗಿ ಉಳಿದು ಕ್ವಿಕ್‌ಲೋಡ್ ಪೊಟ್ಟಣ ಮಾತ್ರ ಮೊದಲು ಸತ್ತದ್ದೂ ಇದೇ ಕತೆ.

ನಮ್ಮ ನೆಲದ ಮರದ ಕ್ಯಾಮೆರಾಗಳಿಗೆ ಈ ಪೊಟ್ಟಣಗಳ ನಂಟು ಬರಲಿಲ್ಲ. ಇಲ್ಲಿನ ಸ್ಟುಡಿಯೋಗಳಲ್ಲಿ ಬ್ರಿಟಿಷ್ ಅಳತೆಗಳದೇ ರಾಜ್ಯ: 4¾×6½ ಇಂಚಿನ ಹಾಫ್ ಪ್ಲೇಟ್, 6½×8½ರ ಫುಲ್ ಪ್ಲೇಟ್. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಅವರು ಕಟ್ಟಿದ ವಾಗೇಶ್ವರಿ ಮರದ ಕ್ಯಾಮೆರಾ ದೇಶದಾದ್ಯಂತ ಹೆಸರಾಗಿತ್ತು. ಇಂಥ ಮರದ ಕ್ಯಾಮೆರಾಗಳ ಹೋಲ್ಡರ್‌ಗಳನ್ನು ಬಡಗಿ ಆಯಾ ಕ್ಯಾಮೆರಾಕ್ಕೆ ತಾಳೆ ನೋಡಿಯೇ ಕೂರಿಸುತ್ತಿದ್ದ. ಒಂದರದು ಇನ್ನೊಂದಕ್ಕೆ ಕೂರುತ್ತದೆಂಬ ಭರವಸೆ ಇಲ್ಲ. ಗಾಜಿನ ಪ್ಲೇಟಿಗೆಂದು ಮಾಡಿದ ಹೋಲ್ಡರಿಗೆ ಫಿಲ್ಮು ಹಾಕಬೇಕಾದರೆ ತೆಳು ತಗಡಿನ ಚೌಕಟ್ಟು ಬೇಕು. ಅದಿಲ್ಲದೆ ಹಾಕಿದರೆ ಗಾಜಿನ ದಪ್ಪಕ್ಕೂ ಫಿಲ್ಮಿನ ದಪ್ಪಕ್ಕೂ ಇರುವ ಒಂದು ಮಿಲಿಮೀಟರಿಗೂ ಮೀರಿದ ಅಂತರ ನೇರ ಫೋಕಸ್ ಮೇಲೆ ಬೀಳುತ್ತದೆ. ಹಳೆಯ ಸ್ಟುಡಿಯೋ ಮುಚ್ಚುವಾಗ ಕ್ಯಾಮೆರಾ ಕೊಳ್ಳುವವರು ಹೋಲ್ಡರ್‌ಗಳನ್ನೂ ತಗಡುಗಳನ್ನೂ ಒಟ್ಟಿಗೇ ಕೇಳಿ ಪಡೆಯಬೇಕು. ಬಿಟ್ಟುಬಂದರೆ ಆಮೇಲೆ ಅದೇ ಜೋಡಿ ಸಿಗುವುದಿಲ್ಲ. ಇಂಗ್ಲೆಂಡಿನ ಇಲ್ಫರ್ಡ್ ವರ್ಷಕ್ಕೊಮ್ಮೆ ಮುಂಗಡ ಬೇಡಿಕೆ ಪಡೆದು ಫುಲ್ ಪ್ಲೇಟ್‌ನಂಥ ಅಪರೂಪದ ಅಳತೆಗಳನ್ನೂ ಕತ್ತರಿಸಿಕೊಡುವುದರಿಂದ ಆ ಕ್ಯಾಮೆರಾಗಳು ಈಗಲೂ ಬೆಳಕು ಕಾಣಬಹುದು.

ಇಷ್ಟೆಲ್ಲ ತಿಳಿದೂ ಹಳೆಯ ಪೊಟ್ಟಣ ಬಳಸಲು ಹೊರಟವರು ಒಂದು ಪೊಟ್ಟಣವನ್ನು ಪರೀಕ್ಷೆಗೆಂದೇ ಬಿಟ್ಟುಕೊಡುವುದು ಒಳ್ಳೆಯದು. ಅದನ್ನು ಹಗಲ ಬೆಳಕಿನಲ್ಲಿ, ಹೋಲ್ಡರನ್ನು ಕೈಯಲ್ಲೇ ಹಿಡಿದು ತೂರಿಸಿ; ಕ್ಲಿಪ್ ಕೊಕ್ಕೆಗೆ ಸಿಕ್ಕಿತೇ, ಲಕೋಟೆ ಎಳೆದಾಗ ಫಿಲ್ಮು ಅಲ್ಲೇ ನಿಂತಿತೇ, ಮತ್ತೆ ತಳ್ಳಿದಾಗ ಹಾಳೆಯ ಅಂಚು ಲಕೋಟೆಯ ಬಾಯಿಗೆ ತಡೆಯದೆ ಒಳಹೋಯಿತೇ ಎಂದು ಕಣ್ಣಾರೆ ನೋಡಿ. ಐದಾರು ಸಲ ಮಾಡಿದರೆ ಕೈಗೆ ಅದರ ಹದ ಗೊತ್ತಾಗುತ್ತದೆ. ಫಿಲ್ಮು ಒಳಗೆ ನಿಂತಿರುವಾಗಲೇ ಸಣ್ಣ ಉಕ್ಕಿನ ಅಳತೆಪಟ್ಟಿಯನ್ನು ಹೋಲ್ಡರಿನ ಅಂಚಿಗೆ ಅಡ್ಡವಿಟ್ಟು, ಅಲ್ಲಿಂದ ಫಿಲ್ಮಿನ ಮೈವರೆಗಿನ ಆಳವನ್ನು ನಾಲ್ಕು ಮೂಲೆಯಲ್ಲೂ ನಡುವೆಯೂ ಅಳೆಯಬೇಕು. ಅದೇ ರೀತಿ ಫಿಲ್ಮು ತುಂಬಿದ ಸಾಮಾನ್ಯ ಹೋಲ್ಡರಿನದನ್ನೂ ಅಳೆದು ಎರಡನ್ನೂ ಹೋಲಿಸಬೇಕು. ಇನ್ನೊಂದು ಪೊಟ್ಟಣವನ್ನು ಕ್ಯಾಮೆರಾದಲ್ಲಿ ಹಾಕಿ, ಲೆನ್ಸ್ ಮುಚ್ಚಿಯೇ ಲಕೋಟೆ ಎಳೆದು, ಬಿಸಿಲಲ್ಲಿ ಕೆಲವು ನಿಮಿಷ ಬಿಟ್ಟು, ಮರಳಿ ತಳ್ಳಿ ತೆಗೆದು ಡೆವಲಪ್ ಮಾಡಿಸಿ. ನೆಗೆಟಿವ್ ಫಿಲ್ಮಾದರೆ ಹಳೆಯದರ ವಯಸ್ಸಿನ ಮಬ್ಬು ಹಾಳೆಯ ತುಂಬ ಒಂದೇ ಸಮನಾಗಿ ಇರುತ್ತದೆ. ಅಂಚಿನಿಂದ ಒಳಮುಖವಾಗಿ ಹರಿದ ಕಪ್ಪು ಗೆರೆ ಕಂಡರೆ ಅದು ಬೆಳಕು ನುಸುಳಿದ ಗುರುತು. ಗೆರೆ ಕ್ಲಿಪ್ಪಿನ ಬದಿಯಲ್ಲಿದ್ದರೆ ಪೊಟ್ಟಣ ಸರಿಯಾಗಿ ಮುಚ್ಚುತ್ತಿಲ್ಲವೆಂದು ಶಂಕಿಸಬೇಕು. ಎದುರು ಬದಿಯಲ್ಲಿದ್ದರೆ ಲಕೋಟೆ ತೂರುವ ಬಾಯಿಯ ಮಖಮಲ್ ಪಟ್ಟಿ ಸವೆದಿರಬಹುದು. ಆ ಪಟ್ಟಿಯನ್ನು ಬದಲಾಯಿಸಬಹುದು.